ಗಾಡಿಗೆ ಅಂಟಿಸಿದ ಶಿಲುಬೆ

ಅಡಿಕೆಗೆ ಒಳ್ಳೆಯ ಕ್ರಯ ಸಿಕ್ಕಿದ ವರ್ಷ ನಮ್ಮ ಕಾಸರಗೋಡಿನ ಕಡೆ ಅಂಗಳಕ್ಕೆ ಹೊಸ ಜೀಪೋ ಪಿಕ್‌ಅಪ್ಪೋ ಬರುತ್ತದೆ. ಮರುವಾರವೇ ಹಿಂದಿನ ಗಾಜಿಗೆ ಮಕ್ಕಳ ಹೆಸರು, ಬಂಪರಿಗೆ ಸ್ಟಿಕ್ಕರು, ಮುಂದೆ ಶಿಲುಬೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೂ ಒಂದು ವಿಷಯ ಯೋಚಿಸತಕ್ಕದ್ದು.

ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ವಿಲಿಯಂ ಸ್ಲೆಮ್ಕೊ ಮತ್ತು ಸಂಗಡಿಗರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾಹನದ ಮೇಲೆ ಸ್ಟಿಕ್ಕರು, ಅಲಂಕಾರ ಹೆಚ್ಚಿದ್ದವರಲ್ಲಿ ಸಿಟ್ಟಿನ ಚಾಲನೆಯೂ ಹೆಚ್ಚು ಕಂಡಿತು. ಬರೆದದ್ದು ಶಾಂತಿಯ ಮಾತೋ ಜಗಳದ ಮಾತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಸ್ಟಿಕ್ಕರೇ ಸಿಟ್ಟು ತರಿಸುತ್ತದೆಂದು ಇದರ ಅರ್ಥವಲ್ಲ. ಗುರುತು ಹಾಕಿದ್ದು ‘ನನ್ನ ಜಾಗ’, ಅದನ್ನು ಕಾಯಬೇಕು ಎಂಬ ಭಾವನೆಯೇ ಮೂಲವೆಂದು ಅವರ ವಿವರಣೆ.

ಕೃಷಿಕರಿಗೆ ಇದು ಬೇಗ ಅರ್ಥವಾಗುತ್ತದೆ. ಗಡಿಕಲ್ಲು ಒಂದು ಗೇಣು ಸರಿದರೆ ನಮ್ಮ ರಕ್ತ ಕುದಿಯುತ್ತದೆ. ತೋಟಕ್ಕೆ ಬೇಲಿ ಬೇಕು, ಸರಿ. ಆ ಬೇಲಿಯನ್ನು ಗಾಡಿಯ ಸುತ್ತ ಕಟ್ಟಿಕೊಂಡು ರಸ್ತೆಗಿಳಿದರೆ, ಓವರ್‌ಟೇಕ್ ಮಾಡಿದವನೆಲ್ಲ ಗಡಿ ಒತ್ತಿದವನಂತೆಯೇ ಕಾಣುತ್ತಾನೆ. ರಸ್ತೆ ಯಾರ ಪಟ್ಟಾ ಜಾಗವೂ ಅಲ್ಲ.

ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ತೋಫರರು ಮಗುವನ್ನು ಹೆಗಲಲ್ಲಿ ಹೊತ್ತು ಹೊಳೆ ದಾಟಿಸಿದರೆಂದು ಐತಿಹ್ಯ. ಮೊದಲು ಮುಟ್ಟಿದರೆಂದು ಯಾರೂ ಅವರನ್ನು ಹೊಗಳುವುದಿಲ್ಲ, ಜೋಪಾನವಾಗಿ ಮುಟ್ಟಿಸಿದರೆಂದು ನೆನೆಯುತ್ತಾರೆ. ಸಿಟ್ಟು ಬಂದಾಗ ಹಾರ್ನಿನಿಂದ ಕೈ ತೆಗೆದು ವೇಗ ಇಳಿಸೋಣ. ಒಂದು ‘ನಮೋ ಮರಿಯ’ ಹೇಳುವಷ್ಟು ಹೊತ್ತು ಸಾಕು. ನಮ್ಮ ಗಾಡಿ ಶಾಲೆಗೆ ಹೋಗುವ ಮಕ್ಕಳ ಮೇಲೆ ಕೆಸರು ಹಾರಿಸಿದರೆ, ಆ ಕೆಸರು ಗಾಡಿಯ ಶಿಲುಬೆಗೂ ತಾಗುತ್ತದೆ.