ಎಕ್ಸೆಲ್ ಹೇಳಿದ ನಿವೃತ್ತಿ ದಿನ ಸರಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಹುಟ್ಟಿದ ದಿನಾಂಕ ಹಾಕಿದರೆ ನಿವೃತ್ತಿ ದಿನ ತೋರಿಸುವ ಎಕ್ಸೆಲ್ ಹಾಳೆಗಳು ನೌಕರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂದು ನಂಬಿ ಶಿವಮೊಗ್ಗದವರು ಭದ್ರಾವತಿಯವರಿಗೆ ಕಳಿಸುತ್ತಾರೆ. ಆದರೆ ಆ ದಿನ ತಪ್ಪಾಗಿರಬಹುದು.

ತಾರೀಕು ಅಂದರೆ ಒಂದು ಸಂಖ್ಯೆ

ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸುತ್ತದೆ. ಅದರ ಪ್ರಕಾರ 1966ರ ಜೂನ್ 1 ಎಂದರೆ 24259. ತಾರೀಕಿನ ಜಾಗದಲ್ಲಿ ಇಂಥ ಅಂಕಿ ಕಂಡರೆ ಅದು ವೈರಸ್ ಅಲ್ಲ. ಆ ಕೋಶದ ಫಾರ್ಮ್ಯಾಟ್ ಅನ್ನು ‘ಡೇಟ್’ಗೆ ಬದಲಿಸಿದರೆ ಸಾಕು.

ತಪ್ಪುವುದು ಎಲ್ಲಿ?

ಮೊದಲನೆಯದು ದಿನ-ತಿಂಗಳ ಅದಲುಬದಲು. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 01/06/1966 ಎಂಬುದು ಜನವರಿ 6 ಆಗುತ್ತದೆ. 15/06/1966 ಎಂದು ಹಾಕಿದರೆ 15ನೇ ತಿಂಗಳೇ ಇಲ್ಲವಲ್ಲ, ಹಾಗಾಗಿ ಅದು ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ನಿಜವಾದ ತಾರೀಕು ಸಾಮಾನ್ಯವಾಗಿ ಬಲಕ್ಕೆ ಇರುತ್ತದೆ.

ಎರಡನೆಯದು ನಿಯಮ. ರಾಜ್ಯ ಸರ್ಕಾರಿ ನೌಕರರು ಸಾಮಾನ್ಯವಾಗಿ 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಆದರೆ ತಿಂಗಳ 1ನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರು. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದವರು ನಮ್ಮಲ್ಲಿ ಬಹಳ ಮಂದಿ. 1966ರ ಜೂನ್ 1 ದಾಖಲಾಗಿದ್ದರೆ ನಿವೃತ್ತಿ 2026ರ ಮೇ 31ಕ್ಕೆ. ಜೂನ್ 30 ಎಂದು ಹಾಳೆ ತೋರಿಸಿದರೆ ಒಂದು ತಿಂಗಳ ಸಂಬಳದ ಲೆಕ್ಕವೇ ತಲೆಕೆಳಗು.

ಸರಿಯಾದ ಸೂತ್ರ

ತಿಂಗಳ ಕೊನೆಯ ದಿನ ಕೊಡುವ ಸೂತ್ರದ ಹೆಸರು ‘ಇಒಮಂತ್’. ಹುಟ್ಟಿದ ದಿನ ಎ2 ಕೋಶದಲ್ಲಿದ್ದರೆ =ಇಒಮಂತ್(ಎ2-1,720) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. 60 ವರ್ಷಕ್ಕೆ 720 ತಿಂಗಳು. ಒಂದು ದಿನ ಕಳೆಯುವುದರಿಂದ 1ನೇ ತಾರೀಕಿನವರ ಲೆಕ್ಕವೂ ಸರಿಹೋಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ 1-ಜೂನ್-1966 ಎಂದು ಹೆಸರಿನಲ್ಲೇ, ಇಂಗ್ಲಿಷ್‌ನಲ್ಲಿ ಬರೆದರೆ ಅದಲುಬದಲಿನ ಭಯವಿಲ್ಲ.

ಈ ಸೂತ್ರ ಎಲ್ಲರಿಗೂ ಅಲ್ಲ. ಭದ್ರಾವತಿಯ ವಿಐಎಸ್ಎಲ್ ಕಾರ್ಖಾನೆ ಕೇಂದ್ರ ಸರ್ಕಾರದ ಸೈಲ್‌ಗೆ ಸೇರಿದ್ದು, ಅಲ್ಲಿನವರು ತಮ್ಮ ಸಂಸ್ಥೆಯ ನಿಯಮವನ್ನೇ ನೋಡಬೇಕು. ರಾಜ್ಯ ನೌಕರರಿಗೂ ಕೊನೆಯ ಮಾತು ಸೇವಾ ವಹಿಯದ್ದು. ಪಿಂಚಣಿ ಕಾಗದ, ಸಾಲದ ಕಂತು, ಮಗಳ ಮದುವೆಯ ಖರ್ಚು ಎಲ್ಲವೂ ಆ ಒಂದು ದಿನದ ಮೇಲೆ ನಿಂತಿರುತ್ತವೆ. ಫಾರ್ವರ್ಡ್ ಒತ್ತುವ ಮೊದಲು ಒಬ್ಬರದ್ದಾದರೂ ದಿನವನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡಿ.