ದೇವದೂತರ ಪಾಲು, ಕೋತಿ ಭುಜ: ವಿಸ್ಕಿ ಕೆಲಸಗಾರರ ತಮಾಷೆ ಏನು ಹೇಳುತ್ತದೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಸುಲಿಯಲು ಕೂತವರ ಕೈ ಎಷ್ಟು ಓಡುತ್ತದೋ ಬಾಯಿಯೂ ಅಷ್ಟೇ ಓಡುತ್ತದೆ. ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುವಲ್ಲಿ ತಮಾಷೆ ಹುಟ್ಟುವುದು ಸಹಜ. ವಿಸ್ಕಿ ತಯಾರಿಸುವವರಲ್ಲೂ ಇಂಥ ಮಾತುಗಳಿವೆ. ಕೆಲವುದರ ಹಿಂದೆ ವಿಜ್ಞಾನವಿದೆ, ಕೆಲವುದರ ಹಿಂದೆ ನೋವಿದೆ.

ದೇವದೂತರು ಕುಡಿಯುತ್ತಾರೆಯೇ?

ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷದಿಂದ ವರ್ಷಕ್ಕೆ ಆವಿಯಾಗಿ ಕಡಿಮೆಯಾಗುತ್ತದೆ. ಇದಕ್ಕೆ ಕೆಲಸಗಾರರು ಕೊಟ್ಟ ಹೆಸರು ‘ದೇವದೂತರ ಪಾಲು’. ತಂಪು ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನ ಬಿಸಿಲಿಗೆ ಶೇ. 10ರಿಂದ 12. ಶೇ. 10 ಎಂದೇ ಹಿಡಿದರೂ, 100 ಲೀಟರ್ ವಿಸ್ಕಿ 8 ವರ್ಷಗಳಲ್ಲಿ ಸುಮಾರು 43 ಲೀಟರಿಗೆ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಾದರೆ 85 ಲೀಟರ್ ಉಳಿದಿರುತ್ತದೆ. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವದೂತರು, ಎಂದು ಹೆಸರಿಟ್ಟಿದ್ದು ಇದೇ ಕಾರಣಕ್ಕೆ. ಸೆಕೆಯಲ್ಲಿ ವಿಸ್ಕಿ ಬೇಗ ಮಾಗುವುದರಿಂದ ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಲೆಕ್ಕ ಎಲ್ಲ ಊರಿಗೂ ಹೊಂದುವುದಿಲ್ಲ.

ಕೋತಿ ಭುಜ ಎಂದರೇನು?

ಹಿಂದೆ ಸ್ಕಾಟ್ಲೆಂಡಿನಲ್ಲಿ ಮೊಳಕೆ ಬರಿಸಿದ ಬಾರ್ಲಿಯನ್ನು ನೆಲದ ಮೇಲೆ ಹರವಿ, ಮರದ ಸಲಿಕೆಯಿಂದ ದಿನವೂ ತಿರುವಿ ಹಾಕುತ್ತಿದ್ದರು. ಹೀಗೆ ಮಾಡಿ ಮಾಡಿ ಭುಜ ಸೆಟೆದು, ತೋಳು ಕೋತಿಯದರಂತೆ ಜೋತುಬೀಳುತ್ತಿತ್ತು. ಅದೇ ‘ಮಂಕಿ ಶೋಲ್ಡರ್’. ಇಂದು ಅದು ಒಂದು ವಿಸ್ಕಿ ಬ್ರಾಂಡಿನ ಹೆಸರು. ಆದರೆ ಅದು ಮೂಲತಃ ಕೆಲಸದಿಂದ ಬಂದ ಕಾಯಿಲೆ.

ಕಾರ್ಖಾನೆಯಿಂದ ವಿಸ್ಕಿ ಕದ್ದೊಯ್ಯಲು ಪ್ಯಾಂಟಿನೊಳಗೆ ಅಡಗಿಸುತ್ತಿದ್ದ ತಾಮ್ರದ ಕೊಳವೆಗೆ ‘ನಾಯಿ’ ಎನ್ನುತ್ತಿದ್ದರು. ಕದಿಯದವರಿಗೂ ಬರವಿರಲಿಲ್ಲ: ಕೆಲಸದ ವೇಳೆಯಲ್ಲೇ ಕೆಲಸಗಾರರಿಗೆ ವಿಸ್ಕಿ ಹಂಚುವ ಪದ್ಧತಿ 20ನೇ ಶತಮಾನದಲ್ಲೂ ಇತ್ತು.

ಚಳಿಗೆ ಒಂದು ಗುಟುಕು?

ಮಲೆನಾಡಿನ ಮಳೆಗಾಲದಲ್ಲೂ ‘ಒಂದು ಗುಟುಕು ಹಾಕಿದರೆ ಮೈ ಬೆಚ್ಚಗಾಗುತ್ತದೆ’ ಎನ್ನುವವರಿದ್ದಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಚ್ಚಗೆನಿಸುವುದು ಅದಕ್ಕೆ. ಆದರೆ ಅದೇ ದಾರಿಯಲ್ಲಿ ದೇಹದ ಶಾಖ ಹೊರಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ತೋಟದಲ್ಲಿರುವವರಿಗೆ, ಮರ ಹತ್ತುವವರಿಗೆ ಇದು ಅಪಾಯ.

ಕೆಲಸದ ಜಾಗದ ತಮಾಷೆ ದಣಿವನ್ನು ಹಗುರಗೊಳಿಸುತ್ತದೆ ನಿಜ. ಆದರೆ ನೋವಿಗೆ ನಗುವಿನ ಹೆಸರು ಬಿದ್ದರೆ ಅದನ್ನು ಯಾರೂ ಡಾಕ್ಟರ ಬಳಿ ಹೇಳುವುದಿಲ್ಲ. ನಿಮ್ಮ ಅಂಗಳದಲ್ಲಿ ಯಾರಾದರೂ ಸೊಂಟ, ಭುಜದ ನೋವನ್ನು ನಗೆಯಲ್ಲಿ ತೇಲಿಸಿದರೆ, ನಕ್ಕ ಮೇಲೆ ಒಮ್ಮೆ ವಿಚಾರಿಸಿ.