ನಡಿಗೆಯ ದೂರದ ಬಡಾವಣೆ: ಖರೀದಿ ಯಾರಿಗೆ ಸೂಕ್ತ?

ರಾಜಾಜಿನಗರದಲ್ಲಿ ಆಸ್ತಿ ಕೊಂಡವರಿಗೆ ನಷ್ಟವಿಲ್ಲವೆಂಬ ನಂಬಿಕೆ ಪಶ್ಚಿಮ ಬೆಂಗಳೂರಿನ ವರ್ತಕರಲ್ಲಿ ಬೇರೂರಿದೆ. ಅದು ನಿರಾಧಾರವಾದುದಲ್ಲ, ಆದರೆ ಎಲ್ಲ ಉದ್ಯಮಿಗಳಿಗೂ ಸಮನಾಗಿ ಅನ್ವಯಿಸುವಂಥದೂ ಅಲ್ಲ.

ಕೈಗಾರಿಕಾ ವಸಾಹತಿನ ಮಗ್ಗುಲಲ್ಲೇ ಬೆಳೆದ ಈ ಬಡಾವಣೆಯಲ್ಲಿ ಶಾಲೆ, ದೇವಸ್ಥಾನ, ಬ್ಯಾಂಕು, ತರಕಾರಿ ಅಂಗಡಿಗಳು ಕಾಲ್ನಡಿಗೆಯ ದೂರದಲ್ಲಿವೆ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆ–ಪೀಣ್ಯ ನಡುವೆ ಮೆಟ್ರೊ ಸಂಚಾರ ಆರಂಭವಾಯಿತು. 2017ರ ಜೂನ್‌ನಲ್ಲಿ ಅದೇ ಹಸಿರು ಮಾರ್ಗ ಮೆಜೆಸ್ಟಿಕ್, ಚಿಕ್ಕಪೇಟೆಗಳನ್ನು ದಾಟಿ ಮುಂದುವರಿಯಿತು. ಒಂದೆಡೆ ಪೀಣ್ಯ, ಇನ್ನೊಂದೆಡೆ ಚಿಕ್ಕಪೇಟೆ. ಎರಡಕ್ಕೂ ವಾಹನದ ಹಂಗಿಲ್ಲ.

ಆದ್ದರಿಂದ ಪೇಟೆಯಲ್ಲಿ ಅಂಗಡಿಯಿಟ್ಟು, ವೃದ್ಧ ತಂದೆತಾಯಿಗಳೊಡನೆ ವಾಸಿಸುವ ವರ್ತಕನಿಗೆ ಇಲ್ಲಿನ ಮನೆ ಯೋಗ್ಯವಾದುದು. ಔಷಧಿ, ದಿನಸಿ, ಸಿದ್ಧ ಉಡುಪುಗಳಂತೆ ನಡೆದು ಬರುವ ಗಿರಾಕಿಯನ್ನೇ ಅವಲಂಬಿಸಿದ ವ್ಯಾಪಾರಕ್ಕೂ ಮುಖ್ಯರಸ್ತೆಯ ಮಳಿಗೆ ಲಾಭದಾಯಕವೆನಿಸಬಲ್ಲದು.

ಸಣ್ಣ ಕೈಗಾರಿಕೋದ್ಯಮಿಯ ಅಗತ್ಯಗಳು ಬೇರೆ. ಇಕ್ಕೆಲಗಳಲ್ಲೂ ಕಾರು ನಿಂತ ಅಡ್ಡರಸ್ತೆಯಲ್ಲಿ ಸರಕಿನ ಲಾರಿ ತಿರುಗುವುದು ಕಷ್ಟ, ಯಂತ್ರದ ಸದ್ದಿಗೆ ನೆರೆಯವರ ಆಕ್ಷೇಪ ಸಹಜ, ವಿಸ್ತರಣೆಗೆ ಸ್ಥಳವಿಲ್ಲ. ವಾಸಕ್ಕೆಂದೇ ಕೊಳ್ಳುವುದಾದರೆ 2021ರ ಆಗಸ್ಟ್‌ನಿಂದ ಮೆಟ್ರೊ ಸಂಪರ್ಕ ಪಡೆದಿರುವ ಕೆಂಗೇರಿಯನ್ನೂ ಆತ ಪರಿಶೀಲಿಸಬಹುದು. ಕೇವಲ ಬಾಡಿಗೆಯ ಆಸೆಯಿಂದ ಕೊಳ್ಳುವವರೂ ಎಚ್ಚರ ವಹಿಸಬೇಕು. ವಾಸದ ಮನೆಯ ಬಾಡಿಗೆ ಸಾಮಾನ್ಯವಾಗಿ ಬ್ಯಾಂಕ್ ಸಾಲದ ಬಡ್ಡಿಯನ್ನು ಸರಿದೂಗಿಸುವುದಿಲ್ಲ. ಹಳೆಯ ಮನೆಗೆ ತೆರುವ ಬೆಲೆಯ ಬಹುಪಾಲು ನಿವೇಶನದ್ದು. ದುರಸ್ತಿಯ ವೆಚ್ಚ ಪ್ರತ್ಯೇಕ.

ನೋಂದಣಿಯ ಖರ್ಚನ್ನೂ ಮರೆಯಲಾಗದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. 1 ಕೋಟಿ ರೂ. ಮೌಲ್ಯದ ಆಸ್ತಿಗೆ ಇವೆಲ್ಲ ಸೇರಿ 7.60 ಲಕ್ಷ ರೂ. ತಗಲುತ್ತದೆ. ಇ-ಖಾತೆಯಿಲ್ಲದೆ ನೋಂದಣಿಯೇ ಸಾಧ್ಯವಿಲ್ಲವಾದುದರಿಂದ ಮುಂಗಡ ಕೊಡುವ ಮುನ್ನವೇ ಅದನ್ನು ಪರೀಕ್ಷಿಸುವುದು ಒಳಿತು.

ಸಣ್ಣ ಉದ್ಯಮಗಳು ಸೊರಗುವುದು ಅನೇಕ ವೇಳೆ ಬೇಡಿಕೆಯ ಕೊರತೆಯಿಂದಲ್ಲ, ದುಡಿಯುವ ಬಂಡವಾಳದ ಕೊರತೆಯಿಂದ. ಕಚ್ಚಾ ಮಾಲಿಗೂ ಕಾರ್ಮಿಕರ ಸಂಬಳಕ್ಕೂ ಬೇಕಾದ ಹಣವನ್ನು ಗೋಡೆಗಳಲ್ಲಿ ಹುದುಗಿಸಿದರೆ, ತುರ್ತು ಬಂದಾಗ ಅದು ಕೈಗೆ ಸಿಗದು. ಉದ್ಯಮಕ್ಕೆ ಬೇಕಾದುದನ್ನು ಪ್ರತ್ಯೇಕವಾಗಿರಿಸಿದ ಮೇಲೂ ಹಣ ಉಳಿಯುವವರು ಇಲ್ಲಿ ನಿಶ್ಚಿಂತೆಯಿಂದ ಕೊಳ್ಳಲಿ. ಉಳಿಯದವರು ಸದ್ಯಕ್ಕೆ ಇಲ್ಲೇ ಬಾಡಿಗೆಗಿರುವುದು ವಿವೇಕದ ಮಾರ್ಗ.